ಪ್ರಾಧಿಕಾರದ ಸದಸ್ಯರೆಲ್ಲ ಒಂದೇ ಪಕ್ಷದವರು. ಇದನ್ನು ಪ್ರಶ್ನಿಸುವ ದಾರಿ ಇದೆಯಾ?

ಅರಳಿಕಟ್ಟೆ (ಭಾನುವಾರ ಬೆಳಿಗ್ಗೆ 8:10)

ಎಲ್ಲರಿಗೂ ನಮಸ್ಕಾರ. ನಾನು ಒಂದು ಜಿಲ್ಲಾ ಕೇಂದ್ರದಲ್ಲಿ ಇರುವವನು. ಊರಿನ ಹೆಸರು ಬರೆಯುವುದಿಲ್ಲ. ಯಾರ ಮೇಲೂ ದೂರು ಹೇಳಲು ಬಂದಿಲ್ಲ, ದಾರಿ ಕೇಳಲು ಬಂದಿದ್ದೇನೆ.

ಕಳೆದ ವಾರ ನಮ್ಮ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ಊರಿನ ಯೋಜನೆ ಮಾಡಿ ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡುವ ಸಂಸ್ಥೆಗೆ, ಹೊಸ ಅಧ್ಯಕ್ಷರು, ಸದಸ್ಯರು ನೇಮಕವಾದರು. ಆದೇಶ ಬಂದ ಸಂಜೆಯೇ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. ಅಧಿಕಾರಿಗಳನ್ನು ಬಿಟ್ಟರೆ ಉಳಿದವರೆಲ್ಲ ಆಳುವ ಪಕ್ಷದವರು. ಅವರಲ್ಲಿ ಒಬ್ಬರು ಲೇಔಟ್ ಮಾಡುವವರು. ಅವರ ಲೇಔಟಿನ ನಕ್ಷೆ ಇದೇ ಪ್ರಾಧಿಕಾರದ ಮುಂದೆ ಬರಬೇಕು.

ಹಿಂದಿನ ಸರ್ಕಾರ ಇದ್ದಾಗ ಬಂದ ಪಟ್ಟಿಯೂ ಹೀಗೇ ಇತ್ತು. ಬಾವುಟ ಮಾತ್ರ ಬೇರೆ. ಆಗ ನಾನು ಸುಮ್ಮನಿದ್ದೆ. ಆ ಅವಧಿಯಲ್ಲೇ ನಮ್ಮ ಬಡಾವಣೆ ಹಿಂದಿನ ಕೆರೆ ಅಚ್ಚುಕಟ್ಟಿನ ಜಮೀನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿತು. 46 ಜನ ಸಹಿ ಮಾಡಿ ಆಕ್ಷೇಪಣೆ ಕೊಟ್ಟೆವು. ಸಭೆಯಲ್ಲಿ ಅದನ್ನು ಓದಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಎರಡು ಮಳೆಗಾಲದಿಂದ ನಮ್ಮ ಮೂರನೇ ಅಡ್ಡರಸ್ತೆಗೆ ನೀರು ನುಗ್ಗುತ್ತಿದೆ. ಪಕ್ಕದ ಮನೆಯ ಅಜ್ಜಿ ಮಂಚದ ಮೇಲೆ ಕೂತು ರಾತ್ರಿ ಕಳೆದರು.

31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಕಾನೂನು ಅಷ್ಟಾಗಿ ತಿಳಿಯದು. ಊರು ಹೇಗೆ ಬೆಳೆಯಬೇಕು ಅಂತ ತೀರ್ಮಾನ ಮಾಡುವವರನ್ನು ಪಕ್ಷ ನೋಡದೆ ನೇಮಿಸಿ ಎಂದು ಕೇಳಲು ಕಾನೂನಿನಲ್ಲಿ ಜಾಗ ಇದೆಯಾ? ನಿಮ್ಮೂರಲ್ಲಿ ಯಾರಾದರೂ ಪ್ರಯತ್ನ ಮಾಡಿದ್ದೀರಾ?

ದೊಡ್ಡಪೇಟೆ (8:31)

ಮೇಷ್ಟ್ರೇ, ನಮ್ಮೂರಲ್ಲೂ ಇದೇ. ಓದಿ ಹೊಟ್ಟೆ ಉರಿಯಿತು.

ಎಂಟನೇ ಮೈಲಿ (8:40)

ಯೋಜನಾ ಆಯೋಗವನ್ನೇ ಮುಚ್ಚಿದರಲ್ಲ? ಈಗ ಇರುವುದು ನೀತಿ ಆಯೋಗ. ಇದ್ಯಾವ ಯೋಜನೆಯ ಸದಸ್ಯರು?

ನಕ್ಷೆ ಮನೆ (8:52)

ಎಂಟನೇ ಮೈಲಿ ಅವರೇ, ಅದು ದೆಹಲಿಯದು. 2015ರ ಜನವರಿಯಲ್ಲಿ ಅದರ ಜಾಗಕ್ಕೆ ನೀತಿ ಆಯೋಗ ಬಂತು. ಇಲ್ಲಿ ಮಾತು ಸ್ಥಳೀಯ ಯೋಜನಾ ಪ್ರಾಧಿಕಾರದ್ದು. ನಿಮ್ಮ ರಸ್ತೆ ಎಷ್ಟು ಅಗಲ, ಗದ್ದೆ ಸೈಟಾಗಬೇಕೋ ಬೇಡವೋ, ಪಾರ್ಕ್ ಎಲ್ಲಿ, ಇದೆಲ್ಲ ಅಲ್ಲಿ ತೀರ್ಮಾನ ಆಗುತ್ತದೆ. ಮೂಲ ಕಾನೂನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ. ಜಿಲ್ಲಾ ಕೇಂದ್ರಗಳ ಅಭಿವೃದ್ಧಿ ಪ್ರಾಧಿಕಾರಗಳಿಗೆ 1987ರ ಕಾಯ್ದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಡಿಎ) 1976ರದ್ದು, ಬೇರೆಯೇ.

ಎಂಟನೇ ಮೈಲಿ (8:55)

ಸರಿ ಸಾರ್, ಎರಡೂ ಒಂದೇ ಅಂದುಕೊಂಡಿದ್ದೆ.

ಕೋರ್ಟ್ ರಸ್ತೆ (9:20)

ಮೇಷ್ಟ್ರೇ, ನಾನು ವಕೀಲ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಧ್ಯಕ್ಷರನ್ನು, ಅಧಿಕಾರಿಗಳಲ್ಲದ ಸದಸ್ಯರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ. ಅವರು ಯಾವ ಪಕ್ಷದವರೂ ಆಗಿರಬಾರದು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಸ್ಥಳೀಯ ಶಾಸಕರಂತೂ ಹುದ್ದೆಯ ಕಾರಣಕ್ಕೇ ಸದಸ್ಯರು. ಹಾಗಾಗಿ "ಪಕ್ಷದವರನ್ನು ಹಾಕಿದ್ದೀರಿ" ಅಂತಷ್ಟೇ ಬರೆದು ಹೈಕೋರ್ಟಿಗೆ ಹೋದರೆ ನಿಲ್ಲುವುದಿಲ್ಲ.

ಇನ್ನೊಂದು ಮಾತು. ನೇಮಕವಾದವರ ಅವಧಿ ಸರ್ಕಾರದ ಇಚ್ಛೆಗೆ ಒಳಪಟ್ಟದ್ದು. ಸರ್ಕಾರ ಬದಲಾದರೆ ಒಂದು ಸಾಲಿನ ಆದೇಶ ಸಾಕು. 2019ರಲ್ಲಿ ಯಡಿಯೂರಪ್ಪ ಸರ್ಕಾರ ಬಂದಾಗಲೂ, 2023ರಲ್ಲಿ ಸಿದ್ದರಾಮಯ್ಯ ಸರ್ಕಾರ ಬಂದಾಗಲೂ ನಿಗಮ, ಮಂಡಳಿಗಳ ಹಳೆ ನೇಮಕಗಳು ರದ್ದಾದವು. ಹೀಗೆ ತೆಗೆಯಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. 1993ರಲ್ಲಿ ಉತ್ತರ ಪ್ರದೇಶದ ಶಹಜಹಾನ್‌ಪುರ ನಗರಪಾಲಿಕೆಯ ನಾಮನಿರ್ದೇಶಿತ ಸದಸ್ಯರ ಪ್ರಕರಣ. ಸರ್ಕಾರದ ಇಚ್ಛೆಯಿಂದ ಬಂದವರು ಅದೇ ಇಚ್ಛೆಯಿಂದ ಹೋಗಬಹುದು ಅನ್ನುವುದು ಅದರ ಸಾರ.

ನಾಳೆ ತೆಗೆಯಬಹುದಾದ ಸದಸ್ಯ ಇವತ್ತು ಸರ್ಕಾರದ ಮಾತಿಗೆ ಎದುರಾಡುತ್ತಾನಾ? ನನಗೆ ಕಾಣುವ ನಿಜವಾದ ತೊಂದರೆ ಇದು.

ಜೋಡುರಸ್ತೆ (9:34)

ಮೇಷ್ಟ್ರು ಹೇಳಿದ್ದರಲ್ಲಿ ನನಗೆ ದಿಗಿಲಾಗಿದ್ದು ಲೇಔಟ್ ಮಾಡುವವರ ವಿಷಯ. ಅದಾದರೂ ತಪ್ಪಲ್ವಾ ವಕೀಲರೇ?

ಕೋರ್ಟ್ ರಸ್ತೆ (9:41)

ಪ್ರಾಧಿಕಾರದ ಗುತ್ತಿಗೆಯಲ್ಲಿ, ಕಾಮಗಾರಿಯಲ್ಲಿ ಪಾಲು ಇದ್ದರೆ ಸದಸ್ಯರಾಗುವಂತಿಲ್ಲ. ಆದರೆ ನಕ್ಷೆ ಮಂಜೂರಾತಿಗೆ ಅರ್ಜಿ ಹಾಕುವುದು ಗುತ್ತಿಗೆ ಅಲ್ಲ. ಸಂದು ಇರುವುದು ಅಲ್ಲೇ.

ಬಾವುಟ ಹಿಡಿದವನು (10:05)

ನಾನು ಒಂದು ಪಕ್ಷದ ಕಾರ್ಯಕರ್ತ. ಯಾವ ಪಕ್ಷ ಅಂತ ಹೇಳುವುದಿಲ್ಲ. 18 ವರ್ಷ ಆಯಿತು. ಇಲ್ಲಿ ಎಲ್ಲರೂ ನಮ್ಮನ್ನು ಕಳ್ಳರ ಹಾಗೆ ನೋಡುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ವಾರ್ಡಿನಲ್ಲಿ ಯಾವ ಚರಂಡಿ ಯಾವ ತಿಂಗಳು ತುಂಬುತ್ತದೆ ಅಂತ ನನಗೆ ಗೊತ್ತು. ಯಾರ ಮನೆಗೆ ನಲ್ಲಿ ಇಲ್ಲ ಅಂತ ಗೊತ್ತು. ರಾತ್ರಿ 2 ಗಂಟೆಗೆ ಆಸ್ಪತ್ರೆಗೆ ಹೋಗಬೇಕಾದರೆ ಜನ ಫೋನ್ ಮಾಡುವುದು ನನಗೆ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಊರಿನ ಕೇರಿ ಗೊತ್ತಾಗುವ ಹೊತ್ತಿಗೆ ಮತ್ತೆ ವರ್ಗ. ಪಕ್ಷ ಇಲ್ಲದವರು ಅಂದರೆ ಯಾರು? ಮನೆಯಲ್ಲಿ ಕೂತು ಪೇಪರ್ ಓದುವವರು. ಊರಿಗಾಗಿ ಬೀದಿಗೆ ಇಳಿದವನು ಯಾವುದಾದರೂ ಪಕ್ಷದ ಜೊತೆ ಇದ್ದೇ ಇರುತ್ತಾನೆ.

ಇನ್ನು ಸ್ಥಾನಮಾನದ ಮಾತು. 2024ರ ಜನವರಿಯಲ್ಲಿ ನಿಗಮ, ಮಂಡಳಿಗಳ ಮೊದಲ ಪಟ್ಟಿ ಬಂದಾಗ 34 ಶಾಸಕರಿಗೇ ಕುರ್ಚಿ ಸಿಕ್ಕಿತು. ಶಾಸಕ ಹ್ಯಾರಿಸ್ ಅವರಿಗೆ ಬಿಡಿಎ. ಅದಕ್ಕೂ ಮುಂಚಿನ ಸರ್ಕಾರದಲ್ಲಿ ಶಾಸಕ ವಿಶ್ವನಾಥ್ ಅವರಿಗೆ ಬಿಡಿಎ. ನಮ್ಮಂಥವರ ಪಾಳಿ ಬರುವುದೇ ಕೊನೆಗೆ. ಬಂದಾಗಲೂ ನಿಮಗೆ ಅರ್ಹತೆ ಇಲ್ಲ ಅಂದರೆ ನೋವಾಗುತ್ತದೆ.

ಅರಳಿಕಟ್ಟೆ (10:22)

ನಿಮ್ಮ ಮಾತಿನಲ್ಲಿ ಸತ್ಯ ಇದೆ ತಮ್ಮಾ. ನಮ್ಮ ಬೀದಿಗೆ ನೀರು ಬಂದ ರಾತ್ರಿ ಮೊದಲು ಓಡಿ ಬಂದವನೂ ಒಬ್ಬ ಕಾರ್ಯಕರ್ತನೇ. ನಿಮ್ಮಂಥವರು ಬೇಡ ಅಂತ ನಾನು ಹೇಳಿಲ್ಲ. ಎಲ್ಲ ಕುರ್ಚಿಯಲ್ಲೂ ಒಂದೇ ಕಡೆಯವರು ಕೂತರೆ ನಮ್ಮ 46 ಸಹಿಯನ್ನು ಯಾರು ಎತ್ತಿ ಓದುತ್ತಾರೆ? ನನ್ನ ಕಷ್ಟ ಅಷ್ಟೇ.

ನಕ್ಷೆ ಮನೆ (10:58)

ನಾನು ನಗರ ಯೋಜಕನಾಗಿ 4 ಜಿಲ್ಲೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಈ ಸಭೆಗಳಲ್ಲಿ ಮೇಜಿನ ಈ ಕಡೆ ಕೂತವನು. ಒಳಗೆ ಹೇಗಿರುತ್ತದೆ ಅಂತ ಹೇಳಿದರೆ ಚರ್ಚೆಗೆ ಉಪಯೋಗ ಆಗಬಹುದು. ಯಾವ ಊರು ಅಂತ ಕೇಳಬೇಡಿ.

ಸಭೆ 11 ಗಂಟೆಗೆ. ವಿಷಯಪಟ್ಟಿ ಹಿಂದಿನ ರಾತ್ರಿ ಸದಸ್ಯರ ಕೈಗೆ. 40ಕ್ಕೂ ಜಾಸ್ತಿ ವಿಷಯ. ಲೇಔಟ್ ನಕ್ಷೆ, ಭೂ ಬಳಕೆ ಬದಲಾವಣೆ, ಸಿಎ (ನಾಗರಿಕ ಸೌಲಭ್ಯದ) ನಿವೇಶನ ಹಂಚಿಕೆ. ಊಟದ ಹೊತ್ತಿಗೆ ಮುಗಿಯಬೇಕು. ಒಂದು ವಿಷಯಕ್ಕೆ ನಾಲ್ಕು ನಿಮಿಷವೂ ಸಿಗುವುದಿಲ್ಲ. ಆ ನಾಲ್ಕು ನಿಮಿಷದಲ್ಲಿ ಹಳ್ಳ ಎಲ್ಲಿ ಹರಿಯುತ್ತದೆ, ಇಳಿಜಾರು ಯಾವ ಕಡೆ, ಪಕ್ಕದ ಲೇಔಟಿನ ರಸ್ತೆ ಇದಕ್ಕೆ ಸೇರುತ್ತದೋ ಇಲ್ಲವೋ, ಇಷ್ಟನ್ನೂ ನೋಡಬೇಕು.

ನಾನು ಕಂಡ ಅತ್ಯುತ್ತಮ ಸದಸ್ಯರು ಪಕ್ಷದವರೇ. ಕಿರಾಣಿ ಅಂಗಡಿ ಇಟ್ಟಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ವಿಷಯಪಟ್ಟಿ ಸಿಕ್ಕ ಕೂಡಲೇ ಬೈಕ್ ಹತ್ತಿ ಸ್ಥಳಕ್ಕೆ ಹೋಗುತ್ತಿದ್ದರು. "ಸಾರ್, ನಕ್ಷೆಯಲ್ಲಿ ತೋರಿಸಿದ ದಾರಿ ಅಲ್ಲಿಲ್ಲ, ಅಲ್ಲಿ ಹುಣಸೆ ಮರ ಇದೆ, ಅದರ ಹಿಂದೆ ಹಳ್ಳ" ಅಂತ ಬಂದು ಹೇಳುತ್ತಿದ್ದರು. ನಾನು ಕಂಡ ಅತಿ ಕೆಟ್ಟ ಸದಸ್ಯರು ಯಾವ ಪಕ್ಷಕ್ಕೂ ಸೇರದ ಒಬ್ಬ ಇಂಜಿನಿಯರ್. ತಾವೇ ಬರೆದುಕೊಟ್ಟ ನಕ್ಷೆಗಳು ಸಭೆಗೆ ಬಂದಾಗ ಅಲ್ಲೇ ಕೂತು ಒಪ್ಪಿಗೆ ಕೊಡುತ್ತಿದ್ದರು.

ಅದಕ್ಕೇ ಪಕ್ಷ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಕಡತದಲ್ಲಿ ಅವರ ಕೈ ಇದೆಯೋ ಇಲ್ಲವೋ ಅಂತ ಮೊದಲು ನೋಡಬೇಕು ಎಂಬುದು ನನ್ನ ಅನಿಸಿಕೆ. ತಮ್ಮದೋ ತಮ್ಮ ಸಂಬಂಧಿಕರದೋ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು. ಹೋದರು ಅಂತ ನಡಾವಳಿಯಲ್ಲಿ ದಾಖಲಾಗಬೇಕು. ನನ್ನ ಸೇವೆಯಲ್ಲಿ ಹಾಗೆ ದಾಖಲಾಗಿದ್ದು ಎರಡೇ ಸಲ.

ಬಾವುಟ ಹಿಡಿದವನು (11:06)

ಇದನ್ನು ಒಪ್ಪುತ್ತೇನೆ ಸಾರ್. ಕಿರಾಣಿ ಅಂಗಡಿಯವರಿಗೆ ನನ್ನ ನಮಸ್ಕಾರ.

ಜೋಡುರಸ್ತೆ (11:15)

ನಾನು ಒಪ್ಪುವುದಿಲ್ಲ. ಒಬ್ಬ ಒಳ್ಳೆಯವರು ಸಿಕ್ಕಿದರು ಅಂತ ಪದ್ಧತಿ ಸರಿ ಆಗುತ್ತದಾ? ಅವರೂ ಪಟ್ಟಿಗೆ ಬಂದದ್ದು ಯಾರದೋ ಶಿಫಾರಸಿನಿಂದ. ಆ ಶಿಫಾರಸು ಮಾಡಿದವರ ಲೇಔಟ್ ಬಂದಾಗ ಬೈಕ್ ಹತ್ತುತ್ತಿದ್ದರಾ?

ನಕ್ಷೆ ಮನೆ (11:24)

ಒಂದು ಸಲ ಹತ್ತಿದರು. ಮುಂದಿನ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ.

ಜೋಡುರಸ್ತೆ (11:26)

ನಾನು ಹೇಳಿದ್ದೂ ಅದನ್ನೇ ಅಲ್ವಾ ಸಾರ್.

ಹಾರ್ಟ್‌ಫರ್ಡ್ ಕನ್ನಡಿಗ (12:40)

ಇಲ್ಲಿ ಈಗ ರಾತ್ರಿ, ಮಲಗುವ ಮುಂಚೆ ಬರೆಯುತ್ತಿದ್ದೇನೆ. ನಾನು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇದ್ದೇನೆ, ಊರು ಚನ್ನಪಟ್ಟಣದ ಕಡೆ. ಇಲ್ಲಿ ಹೆಚ್ಚಿನ ಟೌನುಗಳಿಗೆ ಒಂದು ಯೋಜನಾ ಮತ್ತು ವಲಯ ಆಯೋಗ ಇರುತ್ತದೆ. ಪಕ್ಷದವರು ಬರಬಾರದು ಅಂತ ಇಲ್ಲೂ ಇಲ್ಲ. ಆದರೆ ಒಂದೇ ಪಕ್ಷದವರು ಎಷ್ಟು ಜನ ಇರಬಹುದು ಅಂತ ರಾಜ್ಯದ ಕಾನೂನು ಲೆಕ್ಕ ಹಾಕಿಟ್ಟಿದೆ. 5 ಜನರ ಮಂಡಳಿಯಲ್ಲಿ ಒಂದು ಪಕ್ಷಕ್ಕೆ ಹೆಚ್ಚೆಂದರೆ 4. 7ರಲ್ಲಿ 5. 9ರಲ್ಲಿ 6. ಅದಕ್ಕಿಂತ ದೊಡ್ಡದಾದರೆ ಮೂರರಲ್ಲಿ ಎರಡು ಭಾಗ. ಆಳುವ ಪಕ್ಷಕ್ಕೆ ಬಹುಮತ ಸಿಗುತ್ತದೆ. ಆದರೆ ಎದುರಿನವರು ಒಬ್ಬರಾದರೂ ಕೋಣೆಯ ಒಳಗೆ ಇರುತ್ತಾರೆ.

ಇನ್ನೊಂದು, ತನ್ನ ಹಣದ ಸಂಬಂಧ ಇರುವ ವಿಷಯದಲ್ಲಿ ಸದಸ್ಯ ಭಾಗವಹಿಸುವಂತಿಲ್ಲ. ಅವರು ಹೊರಗೆ ಹೋದರೆ ಬದಲಿ ಸದಸ್ಯ ಬಂದು ಕೂರುತ್ತಾರೆ. ಒಂದು ಪೆಟ್ರೋಲ್ ಬಂಕ್ ವಿಷಯಕ್ಕೆ ನಾನೂ ಹೋಗಿ ಮಾತಾಡಿದೆ. ನನ್ನ ಹೆಸರು, ಏನು ಹೇಳಿದೆ ಎಂಬುದು, ಎರಡೂ ನಡಾವಳಿಯಲ್ಲಿ ಬಂತು. ಬಂಕ್ ಆಯಿತು, ನಾನು ಸೋತೆ. ಆದರೂ ನನ್ನ ಮಾತು ಕೇಳಿಸಿಕೊಂಡರು ಅನ್ನುವ ಸಮಾಧಾನ ಇದೆ.

ದೊಡ್ಡಪೇಟೆ (12:58)

ಅಣ್ಣ, ಅಲ್ಲಿ ಮತದಾರರು ನಾನು ಇಂಥ ಪಕ್ಷ ಅಂತ ಹೆಸರು ನೋಂದಾಯಿಸುತ್ತಾರೆ. ಇಲ್ಲಿ ಹಾಗಿಲ್ಲ. ಯಾರು ಯಾವ ಪಕ್ಷ ಅಂತ ಕಾಗದದಲ್ಲಿ ತೋರಿಸುವುದು ಹೇಗೆ? ಎಲ್ಲರೂ "ನಾನು ಪಕ್ಷೇತರ" ಅಂತಾರೆ ಅಷ್ಟೇ.

ಹಾರ್ಟ್‌ಫರ್ಡ್ ಕನ್ನಡಿಗ (1:02)

ಅದು ನಿಜ. ಇಲ್ಲೂ ಯಾವ ಪಕ್ಷಕ್ಕೂ ಸೇರದವರು ಅಂತ ನೋಂದಾಯಿಸಿಕೊಂಡು ಬರುವವರು ಇದ್ದಾರೆ.

ಚಂದ್ರಗಿರಿ ದಡ (1:30)

ಅಮೆರಿಕದವರೆಗೆ ಯಾಕೆ ಹೋಗಬೇಕು, ನಮ್ಮ ಕಾಸರಗೋಡಿಗೆ ಬನ್ನಿ. ಕೇರಳದ ಜಿಲ್ಲಾ ಯೋಜನಾ ಸಮಿತಿಯಲ್ಲಿ 15 ಜನ. ಜಿಲ್ಲಾ ಪಂಚಾಯತ್ ಅಧ್ಯಕ್ಷರೇ ಸಮಿತಿಗೂ ಅಧ್ಯಕ್ಷರು. ಕಲೆಕ್ಟರ್ ಕಾರ್ಯದರ್ಶಿ. ಸರ್ಕಾರ ಹೆಸರಿಸುವ ತಜ್ಞರು ಒಬ್ಬರೇ ಒಬ್ಬರು. ಉಳಿದ 12 ಜನರನ್ನು ಪಂಚಾಯತ್, ನಗರಸಭೆಗಳಲ್ಲಿ ಗೆದ್ದ ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ತಿರುವನಂತಪುರದಿಂದ ಪಟ್ಟಿ ಬರುವುದಿಲ್ಲ. ನಮ್ಮಲ್ಲೂ ಪಕ್ಷ ಇದೆ, ಬೇಕಾದಷ್ಟು ಇದೆ. ಆದರೆ ಆ ಪಕ್ಷ ಜಿಲ್ಲೆಯ ಮತದಿಂದ ಬಂದಿರುತ್ತದೆ. ನನಗೆ ಇದೇ ಸರಿ ಅನ್ನಿಸುತ್ತದೆ.

ಕೋರ್ಟ್ ರಸ್ತೆ (1:52)

ಚಂದ್ರಗಿರಿ ಅವರೇ, ಒಂದು ತಿದ್ದುಪಡಿ. ಜಿಲ್ಲಾ ಯೋಜನಾ ಸಮಿತಿ ಬೇರೆ, ಅಭಿವೃದ್ಧಿ ಪ್ರಾಧಿಕಾರ ಬೇರೆ. ಸಮಿತಿ ಪಂಚಾಯಿತಿ, ನಗರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸುತ್ತದೆ. ಲೇಔಟ್ ನಕ್ಷೆಗೆ ಮುದ್ರೆ ಹಾಕುವುದಿಲ್ಲ. ಆದರೆ ನೀವು ಎತ್ತಿದ ವಿಷಯ ತುಂಬ ಮುಖ್ಯ. ಸಂವಿಧಾನದ 243 ಝಡ್‌ಡಿ ವಿಧಿಯ ಪ್ರಕಾರ ಸಮಿತಿಯ ಐದರಲ್ಲಿ ನಾಲ್ಕು ಭಾಗ ಸದಸ್ಯರು ಹೀಗೆ ಆಯ್ಕೆಯಾಗಿಯೇ ಬರಬೇಕು. ನೀವು ಹೇಳಿದ 15ರಲ್ಲಿ 12 ಅದೇ ಲೆಕ್ಕ. ಈ ನಿಯಮ ಕರ್ನಾಟಕಕ್ಕೂ ಇದೆ.

ಅರಳಿಕಟ್ಟೆ (1:57)

ಹಾಗಾದರೆ ನಮ್ಮ ಜಿಲ್ಲೆಯ ಆ ನಾಲ್ಕು ಭಾಗ ಎಲ್ಲಿ?

ಮಲೆನಾಡ ಅಂಗಳ (2:15)

ಮೇಷ್ಟ್ರೇ, ಅದಕ್ಕೆ ನಾನು ಉತ್ತರ ಹೇಳುತ್ತೇನೆ. ನಾನು ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದವಳು. ನಮ್ಮ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಅವಧಿ ಮುಗಿದ ಕೂಡಲೇ ಆಗಬೇಕಿದ್ದ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ಕಾರಣಗಳು ಬಂದವು. ಗೆದ್ದವರೇ ಇಲ್ಲದಿದ್ದರೆ ಗೆದ್ದವರ ಪಾಲು ತುಂಬುವುದು ಹೇಗೆ? ಆ ಜಾಗದಲ್ಲಿ ಅಧಿಕಾರಿಗಳು, ಇಲ್ಲವೇ ಮೇಲಿನಿಂದ ಹೆಸರು ಬರೆದು ಕಳಿಸಿದವರು. ಮೂರು ಪಕ್ಷಗಳೂ ಇದರಲ್ಲಿ ಜವಾಬ್ದಾರರು. ನನಗೆ ಇದರ ಬಗ್ಗೆ ತುಂಬ ಸಿಟ್ಟಿದೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಪಟ್ಟಿಯಲ್ಲಿ ಒಬ್ಬ ಮಹಿಳೆಯ ಹೆಸರು ಇರುತ್ತದೆ. ನನ್ನ ಪರಿಚಯದವರೊಬ್ಬರು ಹಾಗೆ ಒಂದು ಪ್ರಾಧಿಕಾರಕ್ಕೆ ಸದಸ್ಯೆ ಆದರು. ಮೊದಲ ಸಭೆಗೆ ಅವರ ಗಂಡ ಹೋಗಿ ಕೂತರು. ಎರಡನೇ ಸಭೆಗೂ ಹೋದರು. ಮೂರನೆಯದಕ್ಕೆ ಇವರು ತಾವೇ ಆಟೋ ಹತ್ತಿ ಹೋಗಿ ಕುರ್ಚಿಯಲ್ಲಿ ಕೂತರು. ಶಾಲೆಯ ಪಕ್ಕದ ಜಾಗ ಕಲ್ಯಾಣ ಮಂಟಪಕ್ಕೆ ಹೋಗುವುದನ್ನು ಅವತ್ತು ಅವರೊಬ್ಬರೇ ವಿರೋಧಿಸಿದರು. ಪಕ್ಷದವರೇ ಅವರು. ಆದರೂ ವಿರೋಧಿಸಿದರು. ಅವರ ಮಗಳು ಆ ಶಾಲೆಗೆ ಹೋಗುತ್ತಾಳೆ, ಅಲ್ಲಿ ಆಡುವ ಜಾಗ ಎಷ್ಟು ಕಡಿಮೆ ಅಂತ ಅವರಿಗೆ ಗೊತ್ತಿತ್ತು.

ದೊಡ್ಡಪೇಟೆ (2:20)

ಜಾಗ ಉಳಿಯಿತಾ ಮೇಡಂ?

ಮಲೆನಾಡ ಅಂಗಳ (2:24)

ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಆಮೇಲೆ ಮತ್ತೆ ಬರಲಿಲ್ಲ. ಈಗಲೂ ಮಕ್ಕಳು ಅಲ್ಲಿ ಆಡುತ್ತಾರೆ.

ಬಸವನಗುಡಿ ಕಡಲೆಕಾಯಿ (3:05)

ಬೆಂಗಳೂರಿನ ಕಥೆಯೂ ಕೇಳಿ. 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಮಹಾನಗರ ಪ್ರದೇಶಕ್ಕೆ ಮಹಾನಗರ ಯೋಜನಾ ಸಮಿತಿ ಇರಬೇಕು, ಅದರ ಮೂರರಲ್ಲಿ ಎರಡು ಭಾಗ ಆಯ್ಕೆಯಾದವರು ಇರಬೇಕು. ಇದು 1992ರ 74ನೇ ತಿದ್ದುಪಡಿ. ಬೆಂಗಳೂರಿನ ಆಡಳಿತದ ಬಗ್ಗೆ ವರದಿ ಕೊಟ್ಟ ಕಸ್ತೂರಿರಂಗನ್ ಸಮಿತಿ 2008ರಲ್ಲಿ ಇದನ್ನು ಒತ್ತಿ ಹೇಳಿತು. ಬೆಂಗಳೂರಿಗೆ ಮಹಾನಗರ ಯೋಜನಾ ಸಮಿತಿ ರಚನೆಯಾಗಿದ್ದು 2014ರಲ್ಲಿ. 61 ಸದಸ್ಯರು, ಮುಖ್ಯಮಂತ್ರಿಗಳೇ ಅಧ್ಯಕ್ಷರು. ಸಭೆ ಸೇರಿದ್ದೇ ಅಪರೂಪ. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಕೌನ್ಸಿಲ್ ಅವಧಿಯೂ ಮುಗಿಯಿತು. ಅಲ್ಲಿಗೆ ಪಾಲಿಕೆಯಿಂದ ಗೆದ್ದವರ ಪಾಲೂ ಖಾಲಿ.

ಮಾಸ್ಟರ್ ಪ್ಲಾನ್ ಗತಿ ನೋಡಿ. 2007ರಲ್ಲಿ ಒಪ್ಪಿಗೆ ಸಿಕ್ಕಿದ್ದು 2015ರವರೆಗಿನ ಯೋಜನೆ. 2031ರವರೆಗಿನ ಕರಡು 2017ರ ನವೆಂಬರ್‌ನಲ್ಲಿ ಬಂತು. ಜನ ರಾಶಿ ಆಕ್ಷೇಪಣೆ ಹಾಕಿದರು. 2020ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಇಷ್ಟು ದೊಡ್ಡ ನಗರ 2015ಕ್ಕೆ ಮುಗಿದ ಯೋಜನೆ ಇಟ್ಟುಕೊಂಡು ಬೆಳೆಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ಪಾಲಿಕೆ ಆದವು. ಅದಕ್ಕೂ ಮುಖ್ಯಮಂತ್ರಿಗಳೇ ಅಧ್ಯಕ್ಷರು.

ನನಗಂತೂ ಇಷ್ಟು ವರ್ಷದಲ್ಲಿ ಒಂದು ಸಲವೂ ನಮ್ಮ ವಾರ್ಡಿನ ಯೋಜನೆ ಯಾರು ಬರೆಯುತ್ತಿದ್ದಾರೆ ಅಂತ ಗೊತ್ತಾಗಿಲ್ಲ.

ಇ-ಖಾತಾ ಕಾಯುವವನು (3:12)

ಬೆಂಗಳೂರಿನವರು ಇದ್ದೀರಲ್ಲ, ಬಿ ಖಾತಾ ಸೈಟಿಗೆ ಈಗ ಎ ಖಾತಾ ಆಗುತ್ತಾ? ನನ್ನದು 30x40, ರೆವಿನ್ಯೂ ಸೈಟು.

ಬಸವನಗುಡಿ ಕಡಲೆಕಾಯಿ (3:16)

ಸಾರ್, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬಂದು ಹೇಳುತ್ತೇನೆ. ಆದರೆ ನಿಮ್ಮ ರೆವಿನ್ಯೂ ಸೈಟಿನ ಕಷ್ಟಕ್ಕೂ ಈ ಚರ್ಚೆಗೂ ನಂಟಿದೆ. ಯೋಜನೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಅಷ್ಟೊಂದು ಲೇಔಟ್ ಒಪ್ಪಿಗೆ ಇಲ್ಲದೆ ಎದ್ದು ನಿಲ್ಲುತ್ತಿರಲಿಲ್ಲ.

ಎಂಟನೇ ಮೈಲಿ (3:40)

ಈ ತಲೆನೋವೇ ಬೇಡ. ಪೂರ್ತಿ ಅಧಿಕಾರಿಗಳಿಗೆ ಕೊಟ್ಟುಬಿಡಿ. ಪಕ್ಷವೇ ಇರುವುದಿಲ್ಲ.

ನಕ್ಷೆ ಮನೆ (3:55)

ಅಧಿಕಾರಿಯಾಗಿದ್ದವನೇ ಹೇಳುತ್ತೇನೆ, ಬೇಡ. ನಮ್ಮ ವರ್ಗಾವಣೆ ಯಾರ ಕೈಯಲ್ಲಿತ್ತು? ಒಂದು ಕಡತಕ್ಕೆ ವ್ಯತಿರಿಕ್ತ ಟಿಪ್ಪಣಿ ಬರೆದದ್ದಕ್ಕೆ ನಾನು ಏಳು ತಿಂಗಳಿಗೇ ಒಂದು ಊರು ಬಿಟ್ಟೆ. ಮಗನ ಪರೀಕ್ಷೆ ನಡುವೆ ಮನೆ ಬದಲಿಸಿದೆವು. ಜೊತೆಗೆ, ಅಧಿಕಾರಿ ಯಾವತ್ತೂ ಜನರ ಮುಂದೆ ಮತ ಕೇಳಲು ನಿಲ್ಲುವುದಿಲ್ಲ. ಜನರ ಕಡೆಯವರು ಕೋಣೆಯಲ್ಲಿ ಬೇಕೇ ಬೇಕು.

ಕೋರ್ಟ್ ರಸ್ತೆ (4:30)

ಇಲ್ಲಿ 1991ರ ಒಂದು ತೀರ್ಪು ಹೇಳಲೇಬೇಕು. ನಮ್ಮ ಬೆಂಗಳೂರಿನದೇ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟರು. ಕೊಡಿ ಅಂದದ್ದು ಆಗಿನ ಮುಖ್ಯಮಂತ್ರಿ, ಕೊಟ್ಟದ್ದು ಬಿಡಿಎ. ನಿವಾಸಿಗಳು ಕೋರ್ಟಿಗೆ ಹೋದರು. ಮೊದಲು ಸೋತರು. ಮೇಲ್ಮನವಿಯಲ್ಲಿ ಗೆದ್ದರು. ಸುಪ್ರೀಂ ಕೋರ್ಟೂ ಅವರ ಪರವೇ ನಿಂತಿತು. ಮುದ್ದಪ್ಪ ಪ್ರಕರಣ ಅಂತ ವಕೀಲರೆಲ್ಲ ಕರೆಯುತ್ತಾರೆ.

ಅದರಲ್ಲಿ ನಮಗೆ ಬೇಕಾದ್ದು ಎರಡು ಮಾತು. ಒಂದು, ಪ್ರಾಧಿಕಾರಕ್ಕೆ ಕಾನೂನು ಕೊಟ್ಟ ಅಧಿಕಾರವನ್ನು ಪ್ರಾಧಿಕಾರವೇ ತನ್ನ ಬುದ್ಧಿ ಓಡಿಸಿ ಬಳಸಬೇಕು. ಮೇಲಿನವರು ಹೇಳಿದರು ಅಂತ ತಲೆ ಆಡಿಸುವಂತಿಲ್ಲ. ಇನ್ನೊಂದು, ಬಡಾವಣೆಯಲ್ಲಿ ಇರುವವರಿಗೆ ಇದನ್ನು ಪ್ರಶ್ನಿಸುವ ಹಕ್ಕಿದೆ.

ಆದ್ದರಿಂದ ಮೇಷ್ಟ್ರೇ, ನೇಮಕವನ್ನು ನೇರವಾಗಿ ಹೊಡೆಯುವುದು ಕಷ್ಟ. ಆದರೆ ಆ ನೇಮಕಗೊಂಡವರು ಆಕ್ಷೇಪಣೆ ಓದದೆ ತೀರ್ಮಾನ ಮಾಡಿದರೆ ಆ ತೀರ್ಮಾನವನ್ನು ಹೊಡೆಯಬಹುದು. ನಿಮ್ಮ 46 ಸಹಿ ಬೆಲೆಯಿಲ್ಲದ್ದಲ್ಲ. ಸ್ವೀಕೃತಿ ಪ್ರತಿ ಇಟ್ಟುಕೊಂಡಿದ್ದೀರಾ?

ಅರಳಿಕಟ್ಟೆ (4:38)

ಇದೆ. ಮುದ್ರೆ, ದಿನಾಂಕ ಎರಡೂ ಇದೆ. ಲ್ಯಾಮಿನೇಶನ್ ಮಾಡಿಸಿಟ್ಟಿದ್ದೇನೆ.

ಕೋರ್ಟ್ ರಸ್ತೆ (4:40)

ತುಂಬ ಒಳ್ಳೆಯದು. ತಡ ಆಗಿದೆ, ಅದು ನಿಜ. ಕೋರ್ಟು ಇಷ್ಟು ದಿನ ಎಲ್ಲಿದ್ದಿರಿ ಅಂತ ಕೇಳುತ್ತದೆ. ಆದರೂ ಕಾಗದ ಇರಲಿ.

ಜೋಡುರಸ್ತೆ (5:02)

ನಗರಸಭೆಯ ನಾಮನಿರ್ದೇಶಿತರಿಗೆ ಮತ ಹಾಕುವ ಹಕ್ಕಿಲ್ಲ ಅಲ್ವಾ? ಪ್ರಾಧಿಕಾರದಲ್ಲೂ ಹಾಗೇ ಮಾಡಿದರೆ?

ಕೋರ್ಟ್ ರಸ್ತೆ (5:10)

ಹೌದು, ಸಂವಿಧಾನದ 243 ಆರ್ ವಿಧಿಯಲ್ಲೇ ಹಾಗಿದೆ. ಪುರಸಭಾ ಆಡಳಿತದ ವಿಶೇಷ ಜ್ಞಾನ, ಅನುಭವ ಇದ್ದವರನ್ನು ಹೆಸರಿಸಬಹುದು, ಅವರಿಗೆ ಮತ ಇಲ್ಲ. ನಮ್ಮ ಪಾಲಿಕೆಗಳ ಕಾಯ್ದೆ ಆ ಪಟ್ಟಿಗೆ ಆರೋಗ್ಯ, ನಗರ ಯೋಜನೆ, ಶಿಕ್ಷಣ ಬಲ್ಲವರನ್ನು ಸೇರಿಸಿತು. ಕೊನೆಗೆ "ಅಥವಾ ಸಮಾಜ ಸೇವಕರು" ಅಂತಲೂ ಸೇರಿಸಿತು. ಆ ಎರಡು ಪದದ ಬಾಗಿಲಿನಿಂದಲೇ ಎಲ್ಲರೂ ಒಳಗೆ ಬರುತ್ತಾರೆ. ಪ್ರಾಧಿಕಾರದಲ್ಲಿ ಮತ ತೆಗೆದರೆ ಉಳಿಯುವುದು ಹೆಚ್ಚಾಗಿ ಶಾಸಕರು, ಅಧಿಕಾರಿಗಳು. ಅದೂ ಸರಿ ಅನ್ನಿಸುವುದಿಲ್ಲ.

ಬಾವುಟ ಹಿಡಿದವನು (5:45)

ನಾನು ಒಂದು ಮಾತು ಹೇಳಲಾ? ಬೆಳಿಗ್ಗೆ ಕೋಪದಲ್ಲಿ ಬರೆದೆ. ಈಗ ಎಲ್ಲ ಓದಿದೆ. ನಮ್ಮ ಊರಿನ ಪಟ್ಟಿಗೆ ನನ್ನ ಹೆಸರೂ ಹೋಗಿದೆ. ಹೆಸರಿನ ಜೊತೆ ಏನು ಕೊಟ್ಟೆ ಗೊತ್ತಾ? ಫೋಟೊ, ಜಾತಿ, ಪಕ್ಷದಲ್ಲಿ ಎಷ್ಟು ವರ್ಷ, ಯಾರ ಶಿಫಾರಸು. ಊರಿಗೆ ಏನು ಮಾಡುತ್ತೀಯ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾಲ್ಕು ಪುಟ ಬರೆಯುತ್ತಿದ್ದೆ. ಅರ್ಜಿ ಕರೆಯಲಿ, ಜಮೀನು, ವ್ಯವಹಾರ ಎಲ್ಲ ಬರೆದುಕೊಡಿ ಅನ್ನಲಿ, ಅದನ್ನು ಕಚೇರಿ ಗೋಡೆಗೆ ಅಂಟಿಸಲಿ. ನನ್ನಂಥವನಿಗೆ ಅದರಿಂದ ನಷ್ಟ ಇಲ್ಲ. ನನ್ನ ಹತ್ತಿರ ಇರುವುದು 20 ಗುಂಟೆ.

ಮಲೆನಾಡ ಅಂಗಳ (5:51)

ಅಣ್ಣಾ, ನೀವು ಸದಸ್ಯರಾಗಲಿ ಅಂತ ನನಗೆ ನಿಜಕ್ಕೂ ಆಸೆ.

ನಕ್ಷೆ ಮನೆ (6:20)

ಮೇಷ್ಟ್ರೇ, ನಾಳೆಯೇ ಮಾಡಬಹುದಾದ ಕೆಲಸ ಒಂದಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್. ನೇಮಕದ ಕಡತ ಇರುವುದು ಬೆಂಗಳೂರಿನ ನಗರಾಭಿವೃದ್ಧಿ ಇಲಾಖೆಯಲ್ಲಿ. ಸಭಾ ನಡಾವಳಿ ಇರುವುದು ನಿಮ್ಮ ಪ್ರಾಧಿಕಾರದಲ್ಲಿ. ಎರಡಕ್ಕೂ ಬೇರೆ ಬೇರೆ ಅರ್ಜಿ ಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು.

"ಯಾಕೆ ನೇಮಿಸಿದಿರಿ" ಅಂತ ಕೇಳಬೇಡಿ, ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕಾಗದ ಕೇಳಿ. ಟಿಪ್ಪಣಿ ಹಾಳೆ ಕೇಳಿ, ಸದಸ್ಯರ ಸ್ವವಿವರ ಕೇಳಿ.

ಅರಳಿಕಟ್ಟೆ (7:48)

ಬರೆದೆ. ನೋಡಿ ಹೇಳಿ.

"ನಮ್ಮ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಅಧ್ಯಕ್ಷರು ಮತ್ತು ಅಧಿಕಾರೇತರ ಸದಸ್ಯರನ್ನು ನೇಮಿಸಿದ ಆದೇಶಕ್ಕೆ ಸಂಬಂಧಿಸಿದ ಕಡತದ ಎಲ್ಲ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ನೇಮಕಕ್ಕೆ ಪರಿಗಣಿಸಿದ ಎಲ್ಲ ಹೆಸರುಗಳ ಪಟ್ಟಿ, ನೇಮಕಗೊಂಡವರು ಸಲ್ಲಿಸಿದ ಸ್ವವಿವರ, ಶಿಫಾರಸು ಪತ್ರಗಳಿದ್ದರೆ ಅವುಗಳ ಪ್ರತಿ, ಮತ್ತು ಸದಸ್ಯರು ತಮ್ಮ ಹಿತಾಸಕ್ತಿ ಕುರಿತು ಘೋಷಣೆ ಕೊಟ್ಟಿದ್ದರೆ ಅದರ ಪ್ರತಿ ಒದಗಿಸಬೇಕು."

150ಕ್ಕೆ ತುಂಬ ಕಡಿಮೆ ಇದೆ. ಎರಡನೇ ಅರ್ಜಿ ನಮ್ಮ ಆಕ್ಷೇಪಣೆ ಚರ್ಚೆಗೆ ಬಂದ ಸಭೆಯ ನಡಾವಳಿಗೆ.

ನಕ್ಷೆ ಮನೆ (8:03)

ಚೆನ್ನಾಗಿದೆ. ಆದೇಶದ ಸಂಖ್ಯೆ, ದಿನಾಂಕ ಸೇರಿಸಿ. ಇಲ್ಲದಿದ್ದರೆ ಯಾವ ಆದೇಶ ಅಂತ ವಾಪಸ್ ಕಳಿಸುತ್ತಾರೆ. ಎರಡನೆಯದರಲ್ಲಿ ಹಾಜರಿ ಪುಸ್ತಕದ ಪ್ರತಿಯೂ ಕೇಳಿ. ಯಾರು ಎಷ್ಟು ಗಂಟೆಗೆ ಎದ್ದು ಹೋದರು ಅಂತ ಒಮ್ಮೊಮ್ಮೆ ಅದರಲ್ಲಿ ಸಿಗುತ್ತದೆ.

ಜೋಡುರಸ್ತೆ (8:15)

ನನಗೆ ಇನ್ನೂ ಸಮಾಧಾನ ಇಲ್ಲ. ಕಾಗದ ಬರುತ್ತದೆ, ಆಮೇಲೆ? ಅವಧಿ ಗಟ್ಟಿ ಆಗದೆ ಏನೂ ಆಗುವುದಿಲ್ಲ. ಮೂರು ವರ್ಷ ಅಂದರೆ ಮೂರು ವರ್ಷ, ಸರ್ಕಾರ ಬದಲಾದರೂ ತೆಗೆಯುವಂತಿಲ್ಲ ಅಂತ ಕಾಯ್ದೆ ತಿದ್ದಬೇಕು. ಅದಕ್ಕೆ ಮೊದಲು ಶಾಸಕರನ್ನು ಹಿಡಿಯಬೇಕು.

ಕೋರ್ಟ್ ರಸ್ತೆ (8:22)

ಒಪ್ಪುತ್ತೇನೆ. 2010ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಪಾಲರನ್ನೇ ಕಾರಣ ಇಲ್ಲದೆ, ಬರೀ ಕೇಂದ್ರದಲ್ಲಿ ಆಳುವ ಪಕ್ಷ ಬದಲಾಯಿತು ಅಂತ ತೆಗೆಯುವಂತಿಲ್ಲ ಅಂದಿದೆ. ಆ ವಾದವನ್ನು ಇಲ್ಲಿಗೂ ತರಬಹುದು. ಸುಲಭ ಅಲ್ಲ, ಆದರೆ ತರಬಹುದು.

ಹೊಸಪೇಟೆ ದಾರಿ (9:30)

ಈಗಷ್ಟೇ ಓದಿದೆ. ನಮ್ಮದು ಸಣ್ಣ ಪಟ್ಟಣ, ಪುರಸಭೆ ಮಾತ್ರ ಇದೆ. ಪ್ರಾಧಿಕಾರವೇ ಇಲ್ಲ ಅಂತಾರೆ. ನಾನು ಯಾರನ್ನು ಕೇಳಬೇಕು?

ನಕ್ಷೆ ಮನೆ (9:41)

ನಿಮ್ಮ ಪುರಸಭೆಯನ್ನೇ ಒಳಗೊಂಡ ಯೋಜನಾ ಪ್ರಾಧಿಕಾರ ಇರಬಹುದು. ಮೊದಲು ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ. ನಮ್ಮ ಪಟ್ಟಣದ ಯೋಜನಾ ಪ್ರದೇಶದ ನಕ್ಷೆ ತೋರಿಸಿ ಅಂತ ಕೇಳಿ. ಮಧ್ಯಾಹ್ನ 3ರ ಮೇಲೆ ಹೋದರೆ ಆರಾಮವಾಗಿ ಮಾತಾಡಲು ಸಿಗುತ್ತಾರೆ.

ಅರಳಿಕಟ್ಟೆ (9:55)

ಆದೇಶದ ಸಂಖ್ಯೆ ಸಿಕ್ಕಿತು. ಆ ಫ್ಲೆಕ್ಸ್‌ನಲ್ಲೇ ಆದೇಶದ ಫೋಟೊ ಹಾಕಿದ್ದಾರೆ, ನನ್ನ ಮೊಮ್ಮಗ ಹೋಗಿ ತೆಗೆದುಕೊಂಡು ಬಂದ. ಬೆಳಿಗ್ಗೆ ಅಂಚೆ ಕಚೇರಿ ತೆರೆದ ಕೂಡಲೇ ಎರಡು ಪೋಸ್ಟಲ್ ಆರ್ಡರ್ ತರುತ್ತೇನೆ. 46 ಜನರಲ್ಲಿ 9 ಜನ ಜೊತೆಗೆ ಬರುತ್ತೇವೆ ಅಂದಿದ್ದಾರೆ.